ಸೋತ ಕಾಲಿಗೆ ನಡಿಗೆ ಕಲಿಸುವುದು

ಲಕ್ವ ಹೊಡೆದಾಗ ಪೆಟ್ಟು ಬೀಳುವುದು ಕಾಲಿಗಲ್ಲ, ಮಿದುಳಿಗೆ. ಮಿದುಳಿನಿಂದ ಹೊರಟ ನರದೆಳೆಗಳಲ್ಲಿ ಬಹುಪಾಲು ಅದರ ಬುಡದಲ್ಲೇ ಎಡಬಲ ಅದಲುಬದಲಾಗುತ್ತವೆ. ಎಡ ಮಿದುಳಿಗೆ ರಕ್ತ ತಪ್ಪಿದರೆ ಬಲಗಾಲು ಸೋಲುವುದು ಅದಕ್ಕೇ. ಪಾದದ ತುದಿ ಮೇಲೇಳುವುದಿಲ್ಲ. ನೆಲಕ್ಕೆ ತಾಗಿ ಮುಗ್ಗರಿಸದಿರಲೆಂದು ಕಾಲನ್ನು ಹೊರಗಿನಿಂದ ಬಳಸಿ ಎಸೆಯಬೇಕಾಗುತ್ತದೆ.

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಊರುಗಳಲ್ಲಿ ಎಣ್ಣೆ ಹಚ್ಚಿ ನೀವುವ ಆರೈಕೆಗೆ ಕೊರತೆಯಿಲ್ಲ. ಅದರಿಂದ ಮೈಗೆ ಹಿತವಾದೀತು. ನಡಿಗೆ ಬರಬೇಕಾದರೆ ಮಾತ್ರ ರೋಗಿಯೇ ಎದ್ದು, ಸೋತ ಕಾಲಿನ ಮೇಲೆ ಭಾರ ಬಿಟ್ಟು, ಹೆಜ್ಜೆ ಇಡಬೇಕು, ಮತ್ತೆ ಮತ್ತೆ ಇಡಬೇಕು. ಉಳಿದಿರುವ ನರಕೋಶಗಳು ಹೊಸ ಸಂಪರ್ಕ ಕಟ್ಟಿಕೊಳ್ಳುವುದು ಬಳಕೆಯಿಂದಲೇ. ಮೊದಲ ಮೂರು ತಿಂಗಳು ಈ ಕಲಿಕೆ ಬಲು ಚುರುಕು. ಹಾಗೆಂದು ಆತುರವೂ ಸಲ್ಲದು: 2015ರಲ್ಲಿ ಪ್ರಕಟವಾದ, 2,104 ರೋಗಿಗಳ ಅಧ್ಯಯನದಲ್ಲಿ 24 ಗಂಟೆಯೊಳಗೆ ಎಬ್ಬಿಸಿ ಪದೇ ಪದೇ ಓಡಾಡಿಸಿದವರ ಚೇತರಿಕೆಯೇ ಹಿಂದೆ ಬಿದ್ದಿತ್ತು.

ದೊಡ್ಡ ಯಂತ್ರಗಳಿಲ್ಲವೆಂದು ಹಳ್ಳಿಯವರು ಕೊರಗಬೇಕಿಲ್ಲ. ಅಮೆರಿಕದಲ್ಲಿ 408 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರನ್ನು ಪಟ್ಟಿಯಿಂದ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಇನ್ನು ಕೆಲವರಿಗೆ ಮನೆಯಲ್ಲೇ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದರು. ವರ್ಷದ ಕೊನೆಗೆ ಎರಡೂ ಕಡೆ ಸರಿಸುಮಾರು ಅರ್ಧದಷ್ಟು ಜನರ ನಡಿಗೆ ಸುಧಾರಿಸಿತ್ತು. ಆದರೆ ಆ ಮನೆಗಳಿಗೆ ಫಿಸಿಯೋಥೆರಪಿಸ್ಟ್ ಬರುತ್ತಿದ್ದರು. ಒಂದೊಂದು ಸಲಕ್ಕೆ 90 ನಿಮಿಷದಂತೆ 36 ಸಲದ ಯೋಜನೆ ಅದು.

ಅದೇ ಕೆಲಸವನ್ನು ಮನೆಯವರ ಕೈಗೇ ಒಪ್ಪಿಸಿದರೆ? ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಇದನ್ನೂ ನೋಡಿದ್ದಾರೆ. ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲಿಯೂ ಕೊಡದ ಗುಂಪಿನಲ್ಲಿಯೂ ಆರು ತಿಂಗಳಲ್ಲಿ ಶೇ 47 ಮಂದಿ ತೀರಿಕೊಂಡಿದ್ದರು ಇಲ್ಲವೇ ಪರಾವಲಂಬಿಗಳಾಗಿದ್ದರು. 2017ರಲ್ಲಿ ಬಂದ ಈ ಫಲಿತಾಂಶ ಮನಸ್ಸಿಗೆ ಭಾರವಾಗುವಂಥದ್ದು. ಮಗಳು, ಸೊಸೆ ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ತಪ್ಪು ಹೆಜ್ಜೆಯನ್ನು ಗುರುತಿಸಿ ತಿದ್ದುವ ಕಣ್ಣಿಗೆ ಅದು ಬದಲಿಯಾಗದು ಎಂದೇ ನನಗನ್ನಿಸುತ್ತದೆ. ಕಡೂರಿನಿಂದ ಹಳ್ಳಿ ಮನೆಯ ಬಾಗಿಲಿಗೆ ಮತ್ತೆ ಮತ್ತೆ ಬರುವ ಫಿಸಿಯೋಥೆರಪಿಸ್ಟ್ ಇರಬೇಕು; ಸರ್ಕಾರದ ಹಣ ಯಂತ್ರಕ್ಕಿಂತ ಮೊದಲು ಇದಕ್ಕೆ ಹೋಗಲಿ.

ಮನೆಯವರು ತಿಳಿದಿರಲೇಬೇಕಾದ್ದೂ ಇದೆ. ಸೋತ ಕೈ ಹಿಡಿದು ಎಳೆದೆಬ್ಬಿಸಬಾರದು, ಹೆಗಲ ಕೀಲು ಜಾರುತ್ತದೆ. ನಡೆಸುವಾಗ ಸೋತ ಮಗ್ಗುಲಲ್ಲೇ ನಿಂತು ಸೊಂಟಕ್ಕೆ ಆಸರೆ ಕೊಡಬೇಕು. ಜಗಲಿಯ ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಏಕೆಂದರೆ ಮೈಯನ್ನು ಮೇಲೆತ್ತುವುದು ಅದು. ಇಳಿಯುವಾಗ ಸೋತ ಕಾಲು ಮುಂದೆ. ಆಗ ಮೇಲಿನ ಮೆಟ್ಟಿಲಲ್ಲಿ ಮಂಡಿ ಮಡಚಿ ಭಾರ ತಡೆಯುವುದೂ ಗಟ್ಟಿ ಕಾಲೇ.