ಪಂಚಾಂಗದ ಮೇಲಿನ ಹೆಬ್ಬೆಟ್ಟು

1897ರ ಆಗಸ್ಟ್. ಬಂಗಾಳದ ಜಲ್ಪಾಯ್‌ಗುರಿ ಕಡೆಯ ಚಹಾ ತೋಟವೊಂದರ ಮ್ಯಾನೇಜರು ತನ್ನ ಬಂಗಲೆಯಲ್ಲೇ ಕೊಲೆಯಾಗಿ ಬಿದ್ದಿದ್ದ. ಕತ್ತು ಕೊಯ್ದಿತ್ತು, ತಿಜೋರಿ ಬರಿದಾಗಿತ್ತು. ಪೊಲೀಸರ ಅನುಮಾನ ಎಂದಿನಂತೆ ಅಡುಗೆಯವನ ಮೇಲೆ, ಕೂಲಿಗಳ ಮೇಲೆ ಹರಿಯಿತು. ಆದರೆ ಕಾಗದಪತ್ರಗಳ ನಡುವೆ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ಎರಡು ಕಂದು ಕಲೆಗಳಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಒಂದರಲ್ಲಿ ಹೆಬ್ಬೆರಳಿನ ಗೆರೆಗಳು! ಕಲ್ಕತ್ತೆಯಲ್ಲಿ ಆ ವರ್ಷವಷ್ಟೇ ತೆರೆದಿದ್ದ, ಜಗತ್ತಿನಲ್ಲೇ ಮೊದಲನೆಯದೆನ್ನುವ ಬೆರಳಚ್ಚು ಕಚೇರಿಗೆ ಪಂಚಾಂಗ ಹೋಯಿತು. ಅದೇ ಮ್ಯಾನೇಜರನ ಮನೆಯಲ್ಲಿ ಕದ್ದು ಹಿಂದೆ ಜೈಲು ಕಂಡಿದ್ದ ಕಾಂಗಾಲಿ ಚರಣ್ ಎಂಬ ಹಳೆಯ ಆಳಿನ ಬಲ ಹೆಬ್ಬೆಟ್ಟಿನೊಂದಿಗೆ ಅದು ತಾಳೆಯಾಯಿತು.

ಈ ಪ್ರಕರಣದಲ್ಲಿ ನನಗೆ ಹಿಡಿಸುವುದು ತೀರ್ಪು. 1898ರಲ್ಲಿ ನ್ಯಾಯಾಲಯ ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗಲ್ಲ. ಅವನು ಪಂಚಾಂಗ ಮುಟ್ಟಿದ್ದ ಎಂಬುದಕ್ಕೆ ಹೆಬ್ಬೆಟ್ಟು ಸಾಕ್ಷಿ. ಚಾಕು ಹಿಡಿದಿದ್ದ ಎಂಬುದಕ್ಕಲ್ಲ. ವಿಧಿವಿಜ್ಞಾನದ ಶಕ್ತಿ, ಮಿತಿ ಎರಡೂ ಅಲ್ಲೇ ಇವೆ.

ಆ ಕಚೇರಿಯ ಕೀರ್ತಿ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಗೆ ಸಂದಿತು. ಆದರೆ ಬೆರಳಚ್ಚುಗಳನ್ನು 1,024 ಗೂಡುಗಳಿಗೆ ವಿಂಗಡಿಸುವ ಲೆಕ್ಕದ ಹಿಂದೆ ದುಡಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರ್‌ಗಳು. 1901ರಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಸೇರಿದ ಈ ವಿಂಗಡಣೆ ಪದ್ಧತಿಗೆ ಇಂದಿಗೂ ಹೆನ್ರಿಯದೇ ಹೆಸರು.

ಧಾರಾವಾಹಿಗಳಲ್ಲಿ ಪ್ರಯೋಗಾಲಯವೇ ನಾಯಕ. ನಿಜದಲ್ಲಿ ಕೇಸು ಗೆಲ್ಲುವುದೂ ಸೋಲುವುದೂ ಸ್ಥಳ ಮಹಜರಿನ ಹೊತ್ತಿಗೇ. ಗಾಜಿನ ಲೋಟದ ಮೇಲಿನ ಬೆವರಿನ ಗುರುತು ಕಣ್ಣಿಗೆ ಕಾಣದು. ಮೃದುವಾದ ಬ್ರಷ್‌ನಿಂದ ಪುಡಿ ಸವರಿದರೆ ಗೆರೆಗಳು ಏಳುತ್ತವೆ, ಫೋಟೊ ತೆಗೆದು ಟೇಪಿಗೆ ಎತ್ತಿಕೊಳ್ಳುತ್ತಾರೆ. ಕಾಗದವಾದರೆ ನಿನ್‌ಹೈಡ್ರಿನ್ ಹಾಕಬೇಕು, ಗುರುತು ನೇರಳೆಯಾಗುತ್ತದೆ. ರಕ್ತ ಮೆತ್ತಿದ ಅಂಗಿಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳು. ನೆರಳಲ್ಲಿ ಒಣಗಿಸಿ ಕಾಗದದಲ್ಲೇ ಕಟ್ಟಬೇಕು. ಮೇಲೆ ಪಂಚರ, ಅಂದರೆ ಮಹಜರಿನ ಸಾಕ್ಷಿಗಳ, ಸಹಿ, ಅರಗಿನ ಮೊಹರು. ಮೊಹರಿನ ಮಾದರಿಯೂ ಜೊತೆಗೆ ಹೋಗಬೇಕು. ಪ್ರಯೋಗಾಲಯದವರು ಮೊದಲು ನೋಡುವುದು ರಕ್ತವನ್ನಲ್ಲ, ಆ ಮೊಹರು ಒಡೆದಿದೆಯೇ ಎಂಬುದನ್ನು. ಹೀಗೆ ವಶಪಡಿಸಿಕೊಂಡ ಮುದ್ದೆಮಾಲು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯಲ್ಲಿ ಒಂದು ದಿನ ತಪ್ಪಿದರೂ ಆರೋಪಿಯ ವಕೀಲರು ಬಿಡುವುದಿಲ್ಲ. ಬಿಡಲೂಬಾರದು.

ನಮ್ಮ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇರುವುದು ಬೆಂಗಳೂರಿನ ಮಡಿವಾಳದಲ್ಲಿ. ಪೊಲೀಸರ ಬಾಯಲ್ಲಿ ಅದು ಎಫ್‌ಎಸ್‌ಎಲ್. ಔಷಧ ಕೊಟ್ಟು ಬಾಯಿ ಬಿಡಿಸುವ ಮಂಪರು ಪರೀಕ್ಷೆಯ ಭರಾಟೆಗೆ ಲಗಾಮು ಬಿದ್ದಿದ್ದೂ ಕರ್ನಾಟಕ ಸರ್ಕಾರ ಪ್ರತಿವಾದಿಯಾಗಿದ್ದ ಪ್ರಕರಣದಲ್ಲೇ: ಒಪ್ಪಿಗೆಯಿಲ್ಲದೆ ಯಾರಿಗೂ ಆ ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು, ವಿಡಿಯೊ ಆಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ.

ಆದರೆ ತಜ್ಞರು ಬರುವಷ್ಟರಲ್ಲಿ ಊರಿಗೆ ಊರೇ ಬಂದು ನೋಡಿ ಹೋಗಿದ್ದರೆ ಅವರಾದರೂ ಏನು ಹುಡುಕಬೇಕು? ಮನೆಯಲ್ಲಿ ಕಳ್ಳತನವಾದರೆ ಏನೇನು ಹೋಗಿದೆಯೆಂದು ಬೀರು ತಡಕಬೇಡಿ, ಬಿದ್ದದ್ದನ್ನು ಎತ್ತಿಡಬೇಡಿ, ನೆಲ ಒರೆಸಬೇಡಿ. 112ಕ್ಕೆ ಫೋನ್ ಮಾಡಿ, ಎಲ್ಲರೂ ಹೊರಗೆ ನಿಲ್ಲಿ.