ತಂತಿಯ ನೋವು, ತಾಳ್ಮೆಯ ಲೆಕ್ಕ

ಹದಿಮೂರು ವರ್ಷದ ನನ್ನ ಮೊಮ್ಮಗಳ ಹಲ್ಲುಗಳಿಗೆ ಕ್ಲಿಪ್ ಹಾಕಿಸಿ ಮೂರನೆಯ ವಾರ ನಡೆಯುತ್ತಿತ್ತು. ಒಂದು ರಾತ್ರಿ ಅವಳು ಊಟವನ್ನು ಅರ್ಧಕ್ಕೇ ಬಿಟ್ಟೆದ್ದು, ‘ತಾತ, ಇದನ್ನು ತೆಗೆಸಿಬಿಡೋಣ’ ಎಂದಳು. ‘ಸ್ವಲ್ಪ ದಿನ ತಡೆದುಕೊ ಪುಟ್ಟಿ, ಎಲ್ಲ ಸರಿಹೋಗುತ್ತದೆ’ ಎಂದೆ. ಮೂರು ದಶಕ ಸರ್ಕಾರಿ ಕಚೇರಿಯಲ್ಲಿ ಕುಳಿತು ಅರ್ಜಿದಾರರಿಗೆ ಹೇಳುತ್ತಿದ್ದ ಮಾತೇ ಅದು. ಎರಡು ದಿನ ಕಳೆದ ಮೇಲೆ ಸೊಸೆ ಟಾರ್ಚ್ ಹಿಡಿದು ನೋಡಿದಾಗ, ತಂತಿಯ ತುದಿ ದವಡೆ ಹಲ್ಲಿನ ಹಿಂದಿನಿಂದ ಹೊರಚಾಚಿ ಕೆನ್ನೆಯ ಒಳಭಾಗದಲ್ಲಿ ಹುಣ್ಣು ಮಾಡಿತ್ತು. ಆ ತುದಿಯನ್ನು ಕತ್ತರಿಸಲು ವೈದ್ಯರಿಗೆ ಎರಡು ನಿಮಿಷ ಸಾಕಾಯಿತು. ಸಹಿಸಬೇಕಾದ ನೋವು ಯಾವುದು, ಸಹಿಸಬಾರದ್ದು ಯಾವುದು ಎಂದು ತಿಳಿಯದೆಯೇ ನಾನು ಉಪದೇಶ ಮಾಡಿದ್ದೆ.

ಆ ವ್ಯತ್ಯಾಸವನ್ನು ಅರಿಯಲು ಕ್ಲಿಪ್ ಹೇಗೆ ಕೆಲಸ ಮಾಡುತ್ತದೆಂಬುದು ತಿಳಿದಿರಬೇಕು. ಹಲ್ಲು ಮೂಳೆಯಲ್ಲಿ ಮೊಳೆಯಂತೆ ಹೂತಿರುವುದಿಲ್ಲ. ಬೇರು ಮತ್ತು ಮೂಳೆಯ ನಡುವೆ ತೆಳುವಾದ ತಂತುಗಳ ಪದರವಿದೆ. ತಂತಿಯು ಹದವಾಗಿ, ಸತತವಾಗಿ ಒತ್ತಿದಾಗ ಹಲ್ಲು ಸರಿಯುವ ದಿಕ್ಕಿನಲ್ಲಿ ಮೂಳೆ ಕರಗುತ್ತದೆ, ಅದು ಬಿಟ್ಟುಬಂದ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ತಿಂಗಳಿಗೆ ಹಲ್ಲು ಸರಿಯುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಹಲ್ಲುಗಳನ್ನು ಸಾಲಿಗೆ ತರುವ ಲೋಹದ ಪಟ್ಟಿಯನ್ನು ಫ್ರಾನ್ಸಿನ ಪಿಯರ್ ಫೋಷಾರ್ 1728ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಅಂದಿನಿಂದ ಸಲಕರಣೆಗಳು ಬಹಳ ಸುಧಾರಿಸಿವೆಯಾದರೂ ಮೂಳೆಗೆ ಅವಸರವಿಲ್ಲ.

ಈ ಒತ್ತಡದಿಂದ ಬರುವ ನೋವು ಸಹಜವಾದದ್ದು. ಕ್ಲಿಪ್ ಹಾಕಿದ ಅಥವಾ ಬಿಗಿಗೊಳಿಸಿದ ಕೆಲವು ಗಂಟೆಗಳಲ್ಲಿ ಅದು ಆರಂಭವಾಗುತ್ತದೆ, ಮರುದಿನ ಹೆಚ್ಚುತ್ತದೆ, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ಆ ದಿನಗಳಿಗೆ ಗಂಜಿ, ಮೆತ್ತಗೆ ಕಲೆಸಿದ ಮೊಸರನ್ನ, ರಾಗಿ ಅಂಬಲಿ ತಕ್ಕ ಆಹಾರ. ತಣ್ಣೀರು ಹಿತವೆನಿಸುತ್ತದೆ. ನೋವಿನ ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ಕೊಡಬೇಕು.

ಎರಡನೆಯದು ಉಜ್ಜುವಿಕೆಯ ನೋವು. ಇದಕ್ಕೆ ತಾಳ್ಮೆಯಲ್ಲ, ಉಪಾಯ ಬೇಕು. ತುಟಿ ಅಥವಾ ಕೆನ್ನೆಗೆ ತಾಗುವ ಬ್ರಾಕೆಟ್ಟನ್ನು ಹತ್ತಿಯಿಂದ ಒರೆಸಿ, ವೈದ್ಯರು ಕೊಡುವ ಮೇಣವನ್ನು ಬಟಾಣಿ ಕಾಳಿನಷ್ಟು ಉಂಡೆ ಮಾಡಿ ಅದರ ಮೇಲೆ ಒತ್ತಬೇಕು. ಹುಣ್ಣಾಗಿದ್ದರೆ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಬಾಯಿ ಮುಕ್ಕಳಿಸಬಹುದು. ತಂತಿ ಚುಚ್ಚುತ್ತಿದ್ದರೆ ಮೇಣ ತಾತ್ಕಾಲಿಕ ಪರಿಹಾರವಷ್ಟೆ. ಅದನ್ನು ಸರಿಪಡಿಸಬೇಕಾದವರು ವೈದ್ಯರೇ. ಕಳಚಿದ ಬ್ರಾಕೆಟ್ಟನ್ನು ಎಳೆಯಬಾರದು, ಮುಂದಿನ ಭೇಟಿಯವರೆಗೆ ಕಾಯಲೂಬಾರದು. ಮುಖ ಊದಿದರೆ, ಜ್ವರ ಬಂದರೆ ಅಂದೇ ತೋರಿಸಬೇಕು. ಕಳಚಿದ ತುಂಡು ಗಂಟಲಿಗಿಳಿದು ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯ ತೊಂದರೆ ನೋವನ್ನೇ ಕೊಡುವುದಿಲ್ಲ. ಹಾಗಾಗಿ ಅದೇ ಹೆಚ್ಚು ಅಪಾಯಕಾರಿ. ಬ್ರಾಕೆಟ್ಟಿನ ಸುತ್ತ ಆಹಾರ ನಿಂತರೆ ಆಮ್ಲ ಉಂಟಾಗಿ ಹಲ್ಲಿನ ಹೊರಕವಚದ ಖನಿಜ ಕರಗುತ್ತದೆ. ಎರಡು ವರ್ಷಗಳ ನಂತರ ಕ್ಲಿಪ್ ತೆಗೆದಾಗ ನೆಟ್ಟಗಾದ ಹಲ್ಲುಗಳ ಮೇಲೆ ಬಿಳಿ ಕಲೆಗಳು ಕಾಣುತ್ತವೆ. ಪ್ರತಿ ಊಟದ ನಂತರವೂ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ, ತಂತಿಯ ಅಡಿಯಲ್ಲಿ ಪುಟ್ಟ ಬ್ರಷ್ ಆಡಿಸುವುದೇ ಇದಕ್ಕೆ ರಕ್ಷಣೆ. ಚಕ್ಕುಲಿ, ನಿಪ್ಪಟ್ಟು, ಕಡಲೆ ಮಿಠಾಯಿ, ಸಂಕ್ರಾಂತಿಯ ಕಬ್ಬು ಮತ್ತು ಸಕ್ಕರೆ ಅಚ್ಚು ಸದ್ಯಕ್ಕೆ ದೂರವಿರಲಿ. ಸೀಬೆಹಣ್ಣನ್ನು ಕಚ್ಚುವ ಬದಲು ಸಣ್ಣಗೆ ಹೆಚ್ಚಿಕೊಡಬಹುದು.

‘ಇಷ್ಟು ಹಣ ಸುರಿದಿದ್ದೇವೆ, ಸಹಿಸಿಕೊ’ ಎಂದು ಮಕ್ಕಳನ್ನು ಗದರಿಸುವ ಹಿರಿಯರುಂಟು. ನನ್ನ ನಾಲಗೆಯ ತುದಿಗೂ ಆ ಮಾತು ಬಂದಿತ್ತು. ಆದರೆ ಈಗಾಗಲೇ ಖರ್ಚಾಗಿ ಮರಳಿ ಬಾರದ ಹಣ ಮುಂದಿನ ತೀರ್ಮಾನಕ್ಕೆ ಕಾರಣವಾಗಬಾರದೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಚಿಕಿತ್ಸೆ ಮುಂದುವರಿಯಬೇಕಾದದ್ದು ಮುಂದೆ ದೊರೆಯುವ ಪ್ರಯೋಜನಕ್ಕಾಗಿ. ಆ ಪ್ರಯೋಜನವಾದರೂ ಕ್ಲಿಪ್ ತೆಗೆದ ದಿನಕ್ಕೆ ಪೂರ್ಣವಾಗುವುದಿಲ್ಲ. ಹಲ್ಲುಗಳು ಹಳೆಯ ಜಾಗಕ್ಕೆ ಮರಳದಂತೆ ವೈದ್ಯರು ಹೇಳುವಷ್ಟು ಕಾಲ ರಿಟೇನರ್ ಧರಿಸಬೇಕು. ಇಷ್ಟು ದೀರ್ಘವಾದ ದಾರಿಯನ್ನು ಮಗು ಗದರಿಕೆಯ ಬಲದಿಂದ ನಡೆಯಲಾರದು. ತನ್ನ ದೂರನ್ನು ಮನೆಯವರು ಕೇಳುತ್ತಾರೆಂಬ ಭರವಸೆ ಅದಕ್ಕೆ ಬೇಕು.

ಮೊಮ್ಮಗಳು ಕ್ಲಿಪ್ ತೆಗೆಸಲಿಲ್ಲ. ಅವಳ ಶಾಲಾ ಚೀಲದಲ್ಲಿ ಈಗ ಮೇಣದ ಪುಟ್ಟ ಡಬ್ಬಿಯಿದೆ. ತಂತಿ ಬಿಗಿಗೊಳಿಸುವ ದಿನ ಮನೆಯವರೆಲ್ಲರಿಗೂ ಗಂಜಿಯೂಟ. ಅವಳು ‘ತಾತ, ನೋವು’ ಎಂದರೆ ನಾನು ಮೊದಲು ಟಾರ್ಚ್ ಹುಡುಕುತ್ತೇನೆ. ಕಚೇರಿಯಲ್ಲಿದ್ದಾಗಲೂ ‘ತಡೆದುಕೊಳ್ಳಿ’ ಎನ್ನುವ ಮೊದಲು ಅರ್ಜಿಯನ್ನೊಮ್ಮೆ ಪೂರ್ತಿ ಓದಬೇಕಿತ್ತು ಎಂದು ಆಗೆಲ್ಲ ಅನಿಸುತ್ತದೆ.