ಕೊಂಡಿ

ತುಳಸಿಗೇರಿಯ ಹನುಮಪ್ಪನ ಗುಡಿಯ ಗಂಟೆ ಕಿವಿಗೆ ಬೀಳುವಷ್ಟು ಸಮೀಪದಲ್ಲಿ ನಮ್ಮ ಮನೆ. ಹೋದ ಬೇಸಿಗೆಯಲ್ಲಿ ಅದರ ಪಡಸಾಲೆಯಲ್ಲಿ ಕುಳಿತು ನಾನು ಗಣಕಕ್ಕೊಂದು ಕೀಲಿಮಣೆಯನ್ನು ಕೈಯಾರೆ ಕಟ್ಟಿದೆ. ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯುವ ವಸ್ತುವಿಗಾಗಿ ಇಳಿವಯಸ್ಸಿನಲ್ಲಿ ಈ ಶ್ರಮವೇಕೆಂದು ನೆರೆಯವರು ನಕ್ಕರು. ಕಾರಣಳಾದವಳು ನನ್ನ ಮೊಮ್ಮಗಳು. ಆಗತಾನೆ ಓದುಬರಹ ಕಲಿಯುತ್ತಿದ್ದ ಆಕೆ ಹಳೆಯ ಕೀಲಿಮಣೆಯನ್ನು ದಿಟ್ಟಿಸಿ, “ಅಜ್ಜಾ, ಇದರಾಗ ನಮ್ಮ ಅಕ್ಷರ ಎಲ್ಲಿ ಅದಾವು?” ಎಂದು ಕೇಳಿದ್ದಳು. ಅದರ ಮೇಲೆ ಒಂದೂ ಇರಲಿಲ್ಲ.

ಕೀಲಿಗಳ ಮೇಲೆ ಅಕ್ಷರಗಳು ಕುಳಿತ ಕ್ರಮ ವಿಧಿಲಿಖಿತವೇನೂ ಅಲ್ಲ. ಅಮೆರಿಕದ ಕ್ರಿಸ್ಟೊಫರ್ ಶೋಲ್ಸ್ ಮತ್ತು ಅವನ ಸಂಗಡಿಗರು ಬೆರಳಚ್ಚು ಯಂತ್ರಕ್ಕೆ ಹಕ್ಕುಪತ್ರ ಪಡೆದುದು 1868ರಲ್ಲಿ. ಇಂದಿನ ರೋಮನ್ ಕ್ರಮ ಬಹುಮಟ್ಟಿಗೆ ನೆಲೆಗೊಂಡುದು 1878ರ ಹಕ್ಕುಪತ್ರದಲ್ಲಿ. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿವಿನ್ಯಾಸ ರೂಪಿಸಿದವರು ಅನಂತಸುಬ್ಬರಾಯರು. ಗುಣಿತ, ಒತ್ತುಗಳ ತುಂಬು ಸಂಸಾರವನ್ನು ಕೆಲವೇ ಕೀಲಿಗಳಿಗೆ ಇಳಿಸುವುದಕ್ಕಾಗಿ ಅಲ್ಲಿ ಅಕ್ಷರದ ಅಂಗಾಂಗಗಳನ್ನು ಬಿಡಿಸಿ, ಕಾಗದದ ಮೇಲೆ ಮರಳಿ ಕೂಡಿಸಬೇಕಾಗಿತ್ತು. ಲಿಪಿಯೇ ಯಂತ್ರಕ್ಕೆ ತಲೆಬಾಗಿದ ಕಾಲವದು.

ಗಣಕ ಬಂದಮೇಲೆ, ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ಲಿಪಿಯ ಒಳಗಿನ ತರ್ಕವನ್ನೇ ಹಿಡಿದು, 26 ರೋಮನ್ ಕೀಲಿಗಳಲ್ಲಿ ಕನ್ನಡದ ವರ್ಣಮಾಲೆಯನ್ನು ಕೂರಿಸಿದರು. ಅದನ್ನೇ ಅಲ್ಪಸ್ವಲ್ಪ ಮಾರ್ಪಾಡಿನೊಡನೆ ಕರ್ನಾಟಕ ಸರ್ಕಾರವು ಪ್ರಮಾಣವೆಂದು ಸ್ವೀಕರಿಸಿತು. ಅಲ್ಲಿ ಒತ್ತಕ್ಷರದ ಗುಟ್ಟೆಲ್ಲ ಎಫ್ ಎಂಬ ಒಂದೇ ಕೀಲಿಯಲ್ಲಿದೆ. ‘ಕ’ ಒತ್ತಿ, ಅದನ್ನೊತ್ತಿ, ಮತ್ತೆ ‘ಕ’ ಒತ್ತಿದರೆ ‘ಕ್ಕ’. ನಾನು ಅದನ್ನು ಕೊಂಡಿಯೆಂದು ಕರೆಯುತ್ತೇನೆ. ನಮ್ಮ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೂಡಿಸುವ ವಿಧಾನಕ್ಕೂ ಕೊಂಡಿಯೆಂದೇ ಹೆಸರು.

ಮಗ್ಗದ ನೆನಪು ಕೆಲಸದಲ್ಲಿಯೂ ಬೆನ್ನು ಬಿಡಲಿಲ್ಲ. ನನ್ನ ಮಣೆಯಲ್ಲಿ 60 ಕೀಲಿಗಳು. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆದರೆ ಪುಟ್ಟ ನಿಯಂತ್ರಕದಲ್ಲಿ ಅಷ್ಟು ಜಾಗವಿಲ್ಲ. ಆದುದರಿಂದ ಅಡ್ಡಕ್ಕೆ 5, ಉದ್ದಕ್ಕೆ 12, ಒಟ್ಟು 17 ತಂತಿಗಳನ್ನು ಹಾಸುಹೊಕ್ಕಾಗಿ ಎಳೆದು, ಅವು ಸಂಧಿಸುವೆಡೆಯಲ್ಲಿ ಕೀಲಿಗಳನ್ನು ಬೆಸೆಯುತ್ತಾರೆ. ನಿಯಂತ್ರಕವು ಕ್ಷಣಕ್ಷಣಕ್ಕೂ ಸಾಲು ಸಾಲನ್ನು ತಡವಿ, ಯಾವ ಸಂಧಿ ಮುಚ್ಚಿತೆಂದು ಅರಿಯುತ್ತದೆ. ಕೀಲಿಗಳು ಜರ್ಮನಿಯ ಚೆರ್ರಿ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಮಾದರಿಯವು. ಒಳಗೊಂದು ಸುರುಳಿ, ಒಂದು ಜೋಡಿ ಲೋಹದ ಎಲೆ. 4 ಮಿಲಿಮೀಟರ್ ಇಳಿಯುವ ದಾರಿಯಲ್ಲಿ ಸುಮಾರು 2 ಮಿಲಿಮೀಟರಿಗೇ ಅಕ್ಷರ ಮೂಡುತ್ತದೆ. ಕೆಂಪು ಬಣ್ಣದವು ಮೌನಿಗಳು, ನೀಲಿಯವು ವಾಚಾಳಿಗಳು. ಬೆರಳಚ್ಚಿನ ಸದ್ದಿಗೆ ಒಗ್ಗಿದ ನನ್ನ ಕಿವಿ ನೀಲಿಯನ್ನೇ ಆರಿಸಿತು.

ಪ್ರತಿ ಕೀಲಿಗೂ ಒಂದು ಡಯೋಡು ಬೇಕು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಡುವ ಆ ದ್ವಾರಪಾಲಕನಿಲ್ಲದಿದ್ದರೆ, ಹಲವು ಕೀಲಿಗಳನ್ನು ಕೂಡಿ ಒತ್ತಿದಾಗ ಒತ್ತದ ಅಕ್ಷರವೂ ಮೂಡೀತು. ನಡುಗುವ ಕೈಯಲ್ಲಿ ಅರುವತ್ತನ್ನೂ ಬೆಸೆದು, ಟೊಪ್ಪಿಗೆಗಳ ಮೇಲೆ ಕನ್ನಡ ಬರೆದು, ಮೊಮ್ಮಗಳನ್ನು ಕರೆದೆ. ನಾನು ಹೇಳಿಕೊಟ್ಟಂತೆ ಆಕೆ ‘ಅವ್ವ’ ಎಂದು ಒತ್ತಿದಳು. ತೆರೆಯ ಮೇಲೆ ಮೂಡಿದುದು ‘ಅವವ’. ‘ಅಜ್ಜ’ ಎಂದು ಒತ್ತಿದರೆ ‘ಅಜಜ’.

“ಅವ್ವನ ಒತ್ತು ಎಲ್ಲಿ ಹೋತು, ಅಜ್ಜಾ?”

ಅರುವತ್ತು ಡಯೋಡುಗಳಲ್ಲಿ ತಿರುವುಮುರುವಾಗಿ ಬೆಸೆದುದು ಒಂದೇ ಒಂದು, ಅದೂ ಕೊಂಡಿಯ ಕೀಲಿಯಲ್ಲಿ!

ಆ ರಾತ್ರಿ ಬೆಸುಗೆಯನ್ನು ಬಿಡಿಸುತ್ತ ಕುಳಿತಾಗ ಒಂದು ವಿಷಯ ಹೊಳೆಯಿತು. ಕಟ್ಟುವವನಿಗೆ ಎಲ್ಲ ಸ್ವಾತಂತ್ರ್ಯವೂ ಉಂಟು. ಕೀಲಿಯ ಭಾರ, ಸದ್ದು, ಮಣೆಯ ಓರೆ ಎಲ್ಲವೂ ಅವನ ಕೈಯಳತೆಗೆ ಸೇರಿದವು. ನೇಕಾರನೂ ಮಗ್ಗವನ್ನು ತನ್ನ ಮೈಯಳತೆಗೆ ಹೊಂದಿಸಿಕೊಳ್ಳುವನಲ್ಲವೇ? ಅಕ್ಷರಗಳ ಸ್ಥಾನವನ್ನೂ ನನಗೆ ಬೇಕಾದಂತೆ ಬದಲಿಸಬಹುದಾಗಿತ್ತು, ಬದಲಿಸಲಿಲ್ಲ. ಈ ಮಗು ನಾಳೆ ಶಾಲೆಯಲ್ಲಿ, ಕಚೇರಿಯಲ್ಲಿ, ಪರವೂರಿನಲ್ಲಿ ಬೇರೊಂದು ಮಣೆಯ ಮುಂದೆ ಕುಳಿತಾಗಲೂ ಅವಳ ಬೆರಳಿಗೆ ಕನ್ನಡ ದಾರಿ ತಪ್ಪಬಾರದು. ಯಂತ್ರ ನನ್ನದಾಗಲಿ, ಅಕ್ಷರದ ಕ್ರಮ ಎಲ್ಲರದಾಗಿರಲಿ.

ಬೆಳಗ್ಗೆ ಆಕೆ ಮತ್ತೆ ಬಂದಳು. ಟೊಪ್ಪಿಗೆಗಳ ಮೇಲಿನ ನನ್ನ ಸೊಟ್ಟ ಬರಹವನ್ನು ಹುಡುಕಿ ಹುಡುಕಿ ಒಂದೊಂದಾಗಿ ಒತ್ತಿದಳು. ನಾಲ್ಕು ಸಲ ಟಕ್ಕೆಂದಿತು. ತೆರೆಯ ಮೇಲೆ ‘ಅವ್ವ’ ಇದ್ದಳು, ಒತ್ತಿನ ಸಮೇತ.